ಫಲಕ ಹತ್ತದ ಅರವತ್ನಾಲ್ಕು ಗೆಲುವು

“ಗೆದ್ದದ್ದು ಗೆದ್ದದ್ದೇ ಅಲ್ವಾ? ಅದರಲ್ಲೂ ಲೆಕ್ಕಕ್ಕಿರೋದು, ಇಲ್ಲದ್ದು ಅಂತ ಇರುತ್ತಾ?”

ಕೇಳಿದ್ದು ಯಾರನ್ನೂ ಅಲ್ಲ. ಬಾಕ್ಸಿಂಗ್ ಶಾಲೆಯ ಬೆಂಚಿನ ಮೇಲೆ ಕೂತು ಮುದಿ ಬಾಕ್ಸರ್, ಎಲ್ಲರ ಬಾಯಲ್ಲಿ ದೊಡ್ಡಣ್ಣ, ಗೋಡೆಯ ಫಲಕವನ್ನು ದಿಟ್ಟಿಸುತ್ತಿದ್ದ. ಏಣಿಯ ಮೇಲೆ ನಿಂತು ಆ ಫಲಕದ ಮಾಸಿದ ಅಕ್ಷರಗಳನ್ನು ತಿದ್ದುತ್ತಿದ್ದ ಪೇಂಟರ್ ಕುಂಚ ತಡೆದು ಕಿವಿಗೊಟ್ಟ.

ಫಲಕಕ್ಕೆ ಏರುವುದು ವೃತ್ತಿಪರ ಪಂದ್ಯಗಳು ಮಾತ್ರ. ದೊಡ್ಡಣ್ಣನ ಹೆಸರಿನ ಮುಂದೆ ಗೆಲುವು ಮೂರು, ಸೋಲು ಹತ್ತು. ಅದಕ್ಕೂ ಮೊದಲು ಹವ್ಯಾಸಿಯಾಗಿ ಗೆದ್ದ ಅರವತ್ನಾಲ್ಕು ಪಂದ್ಯಗಳಿಗೆ ಅಲ್ಲಿ ಜಾಗವೇ ಇಲ್ಲ.

“ನಾಳೆಯಿಂದ ಮೊಮ್ಮಗಳು ಇಲ್ಲಿಗೇ ಸೇರ್ತಾಳೆ,” ಎಂದ ದೊಡ್ಡಣ್ಣ. “ಓದೋಕೆ ಬೇರೆ ಕಲ್ತುಬಿಟ್ಟಿದ್ದಾಳೆ, ಗ್ರಹಚಾರ.”

ಪೇಂಟರನಿಗೆ ಅಯ್ಯೋ ಎನಿಸಿತು. ಒಂದು ಕಾಲಕ್ಕೆ ಅವನೂ ಗ್ಲೌಸ್ ತೊಟ್ಟವನೇ. ಫಲಕದ ಕೊನೆಯ ಸಾಲು ಅವನದು: ಪಂದ್ಯ ಒಂದು, ಗೆಲುವು ಒಂದು, ಸೋಲು ಸೊನ್ನೆ. ಎದುರಾಳಿ ಮೂರು ಕಿಲೋ ಹೆಚ್ಚು ತೂಗಿ ಅನರ್ಹನಾಗಿ, ತಕ್ಕಡಿಯಿಂದಲೇ ಮನೆಗೆ ಹೋಗಿದ್ದ. “ನಮ್ಮನೆಯವರು ಸೋಲೇ ಕಾಣದವರು” ಎಂದು ಹೆಂಡತಿ ಹದಿನೆಂಟು ವರ್ಷದಿಂದ ಕಂಡಕಂಡವರಿಗೆ ಹೇಳುತ್ತ ಬಂದಿದ್ದಳು. ಮನೆಯಲ್ಲಿ ಅವನ ಮಾತಿಗೆ ಬೆಲೆಯಿದ್ದರೆ ಅದು ಆ ಸೊನ್ನೆಯ ಕೃಪೆ.

ಅಷ್ಟರಲ್ಲಿ ಕೋಚ್ ಬಂದ. ಪೇಂಟರ್ ಏಣಿಯ ಮೇಲಿಂದಲೇ ವಾದ ಹೂಡಿದ.

“ಸಾರ್, ದೊಡ್ಡಣ್ಣನ ಹವ್ಯಾಸಿ ಗೆಲುವೂ ಬರೆಸಿ. ಹವ್ಯಾಸಿ ಗುದ್ದಿದ್ರೆ ಮೂಗು ಮೆತ್ತಗೆ ಮುರಿಯುತ್ತಾ?”

ಕೋಚ್ ತಲೆ ಕೆರೆದುಕೊಂಡ. “ನ್ಯಾಯವಾದ ಮಾತೇ. ಬರಿ.”

ದೊಡ್ಡಣ್ಣನ ಕಣ್ಣು ತುಂಬಿತು. ಪೇಂಟರ್ ಕುಂಚ ಅದ್ದಿದ.

“ಆದ್ರೆ ನಿಯಮ ಅಂದ್ಮೇಲೆ ಎಲ್ಲರಿಗೂ ಒಂದೇ,” ಎಂದ ಕೋಚ್, ಹಳೆಯ ರಿಜಿಸ್ಟರ್ ಬಿಡಿಸುತ್ತ. “ನಿಂದೂ ಇದೆ ನೋಡಪ್ಪ. ಹವ್ಯಾಸಿ ಪಂದ್ಯ ಹತ್ತೊಂಬತ್ತು...”

ಕುಂಚ ಗಾಳಿಯಲ್ಲೇ ನಿಂತಿತು. ಹತ್ತೊಂಬತ್ತು ಸಲ ರಿಂಗ್ ಹತ್ತಿ, ಹತ್ತೊಂಬತ್ತು ಸಲವೂ ಸೋತು ಇಳಿದಿದ್ದ. ಹೆಂಡತಿಯ ಹೊಗಳಿಕೆ ಕೇಳಿ ಕೇಳಿ ಅವನಿಗೇ ಅದು ಮರೆತುಹೋಗಿತ್ತು.

“ಹತ್ತೊಂಬತ್ತಾ!” ಬಾಗಿಲಲ್ಲಿ ಊಟದ ಡಬ್ಬಿ ಹಿಡಿದು ನಿಂತಿದ್ದ ಹೆಂಡತಿ ಹಿಗ್ಗಿಹೋದಳು. “ಹಾಗಾದ್ರೆ ಅದೊಂದೂ ಸೇರಿ ಇಪ್ಪತ್ತು ಗೆಲುವು! ದಪ್ಪಕ್ಷರದಲ್ಲಿ ಬರ್ಕೊಳ್ರೀ, ನಾಚ್ಕೋಬೇಡಿ!”

“ಆರು ಸಲ ಅಂತೂ ನನ್ನ ಜೊತೆಗೇ ಆಡಿದ್ದ,” ಎಂದ ದೊಡ್ಡಣ್ಣ, ನೆರವಿಗೆ ಬಂದವನಂತೆ.

ಕೋಚ್ ರಿಜಿಸ್ಟರಿನ ಉಳಿದ ಸಾಲು ಓದುವ ಮೊದಲೇ ಪೇಂಟರ್ ಏಣಿ ಇಳಿದ. ಬಣ್ಣದ ಡಬ್ಬಿಯ ಮುಚ್ಚಳ ಒತ್ತಿ ಬಿಗಿದ.

“ಯಾಕೋ?” ದೊಡ್ಡಣ್ಣ ಅವನ ತೋಳು ಹಿಡಿದ. “ನಿಂದು ಬಿಡು, ನಂದೊಂದು ಬರಿಯಪ್ಪ. ಮಗು ಓದ್ತಾಳೆ.”

“ಒಬ್ಬರದು ಬರೆದ್ರೆ ಎಲ್ಲರದೂ ಬರೀಬೇಕು,” ಎಂದ ಕೋಚ್.

ಪೇಂಟರ್ ದೊಡ್ಡಣ್ಣನ ಮುಖ ನೋಡಲಿಲ್ಲ.

“ಇಲ್ಲ ದೊಡ್ಡಣ್ಣ. ನಾನು ಬರೆಯಲ್ಲ.”