ಕೊನೆಯ ಕಂತಿನ ಕೊಲೆಗಾರ

ಹಳೆಯ ವಾರಪತ್ರಿಕೆಯ ಕಡತಗಳನ್ನು ವೆಬ್‌ಪುಟ ಮಾಡುವುದು ಸೊಸೆಯ ಕೆಲಸ. ಪತ್ರಿಕೆ ತನಗೆಂದೇ ಮಾಡಿಸಿಕೊಂಡಿದ್ದ ಫಾಂಟ್ ಈಗ ಯಾವ ಕಂಪ್ಯೂಟರಿನಲ್ಲೂ ಇಲ್ಲ. ಅದಿಲ್ಲದೆ ಕಡತ ತೆರೆದರೆ ಕಥೆಯ ಬದಲು ಆಶ್ಚರ್ಯಸೂಚಕ, ಡಾಲರ್ ಗುರುತುಗಳ ಸಂತೆ. ತಂತ್ರಾಂಶ ಮುಕ್ಕಾಲು ಪಾಲು ಸರಿಮಾಡುತ್ತಿತ್ತು. ಉಳಿದದ್ದರಲ್ಲಿ ಒತ್ತಕ್ಷರಗಳು ಪಕ್ಕದ ಅಕ್ಷರದ ಮನೆಗೆ ಹೋಗಿ ಕೂತಿರುತ್ತಿದ್ದವು. ಅವನ್ನು ಒಂದೊಂದಾಗಿ ಕರೆತರುವಷ್ಟರಲ್ಲಿ ಅವಳ ಕಣ್ಣು ಗುಳಿಬಿದ್ದಿತ್ತು.

ಮನೆಯಲ್ಲಿ ಮಾವ ಕಾಯುತ್ತಿದ್ದರು. ಅವರಿಗೆ ಕಣ್ಣು ಕಾಣದು. ಪುಟಗಳನ್ನು ಫೋನು ಓದಿ ಹೇಳುತ್ತದೆ. ಹಿಂದೆ ಅದೇ ಪತ್ರಿಕೆಯಲ್ಲಿ ಬಿಡದೆ ಓದುತ್ತಿದ್ದ ಪತ್ತೇದಾರಿ ಧಾರಾವಾಹಿಯ ಕೊನೆಯ ಕಂತು ತಮ್ಮ ಮದುವೆಯ ಗಡಿಬಿಡಿಯಲ್ಲಿ ತಪ್ಪಿಹೋಗಿತ್ತು. ಅದಕ್ಕಾಗಿ ಅತ್ತೆಯನ್ನು ಅವರು ಇನ್ನೂ ಪೂರ್ತಿ ಕ್ಷಮಿಸಿರಲಿಲ್ಲ.

ಆ ಕಂತಿನ ಕಡತವೇ ಎಲ್ಲಕ್ಕಿಂತ ಹದಗೆಟ್ಟಿತ್ತು.

"ಇನ್ನೂ ಅದೇನಾ?" ಎಂದರು ಕಚೇರಿಯಲ್ಲಿ ಸಂಪಾದಕರು, ಅವಳ ಕುರ್ಚಿಯ ಹಿಂದಿನಿಂದ ಬಗ್ಗಿ. "ಅಚ್ಚಾದ ಪುಟದ ಫೋಟೋ ಹಾಕಿ ಕೈ ತೊಳ್ಕೋಮ್ಮಾ."

ಹಾಕಿದಳು. ಪುಟ ಮುತ್ತಿನಂತೆ ಕಂಡಿತು.

ಸಂಜೆ ಮಾವನ ಫೋನು ಶೀರ್ಷಿಕೆ ಓದಿತು. ಆಮೇಲೆ, ಫೋಟೋದೊಳಗಿನ ಅಕ್ಷರ ಓದಲು ಬಾರದೆ, "ಚಿತ್ರ" ಎಂದಿತು. ಮತ್ತೆ "ಚಿತ್ರ".

"ಚಿತ್ರ ಚೆನ್ನಾಗಿದೆಯೇನಮ್ಮಾ?"

ಸೊಸೆ ನಾಲಿಗೆ ಕಚ್ಚಿಕೊಂಡಳು. "ನಾನೇ ಓದ್ತೀನಿ ಬಿಡಿ ಮಾವ."

"ಬೇಡ ತಾಯಿ. ಕೊಲೆಗಾರ ಯಾರು ಅಂತ ನಿಂಗೆ ಗೊತ್ತು. ಅವನು ಒಳಗೆ ಬರ್ತಿದ್ದ ಹಾಗೇ ನಿನ್ನ ದನಿ ಬದಲಾಗುತ್ತೆ. ಈ ಫೋನಿಗಾದ್ರೆ ಯಾರು ಸತ್ರೂ ಒಂದೇ."

"ನಿಮ್ಮ ಮಗ ಓದ್ಲಿ," ಎಂದರು ಅತ್ತೆ ಒಳಗಿನಿಂದ.

"ಅವನಾ? ಎರಡನೇ ಸಾಲಿಗೇ ಗೊರಕೆ."

ಮರುದಿನ ಅವಳು ಫೋಟೋ ಕಿತ್ತುಹಾಕಿ ಇಡೀ ಕಂತನ್ನು ಅಕ್ಷರ ಅಕ್ಷರವಾಗಿ ಕಟ್ಟಿದಳು. ಊಟದ ಡಬ್ಬಿ ಮುಚ್ಚಿದಂತೆಯೇ ಇತ್ತು. ಮನೆಗೆ ಹೊರಡುವ ಹೊತ್ತಿಗೆ ಸಂಪಾದಕರು ಪರದೆ ನೋಡಿದರು.

"ನಿನ್ನೆನೂ ಹೀಗೇ ಇತ್ತಲ್ಲ. ಬೆಳಗ್ಗೆಯಿಂದ ಏನ್ಮಾಡಿದೆ?"

"ಹೀಗೇ ಕಾಣೋ ಹಾಗೆ ಮಾಡಿದೆ ಸಾರ್."

ಮನೆಯಲ್ಲಿ ಫೋನು ಒಂದೇ ದನಿಯಲ್ಲಿ ಓದಿತು. ಮಾವ ಉಸಿರು ಬಿಗಿಹಿಡಿದು ಕೂತಿದ್ದರು. ಕೊಂದವನು ತೋಟದ ಮಾಲಿ.

"ಮಾಲಿಯಾ? ಥತ್!" ಅತ್ತೆ ಇದ್ದ ಕಡೆ ತಿರುಗಿದರು. "ಇಷ್ಟಕ್ಕೆ ಇಷ್ಟು ವರ್ಷ ನಿನ್ನ ಮೇಲೆ ಸಿಟ್ಟು ಇಟ್ಕೊಂಡಿದ್ನಲ್ಲೇ."

"ಈಗಲಾದ್ರೂ ಬಿಟ್ರಲ್ಲ, ಪುಣ್ಯ."

ಮಾವ ಸೊಸೆಯ ಕಡೆಗೆ ಬಾಗಿದರು. "ಅದರ ಮುಂದಿನ ವಾರ ಇನ್ನೊಂದು ಧಾರಾವಾಹಿ ಶುರುವಾಗಿತ್ತು ಅನ್ಸುತ್ತೆ, ಅಲ್ವೇನಮ್ಮಾ?"

ಸೊಸೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. "ಅದೂ ಅದೇ ಫಾಂಟೇ ಮಾವ."

"ನಂಗೇನೂ ಅವಸರ ಇಲ್ಲಮ್ಮ," ಎಂದು ಅವರು ಫೋನನ್ನು ಚಾರ್ಜಿಗೆ ಹಾಕಿದರು.