ಕಾಫಿ ಕಣದವರೆಗಿನ ನಡಿಗೆ

ಮೂಡಿಗೆರೆಯ ಮಸೀದಿ ಬೀದಿಯ ಮರಿಯಮ್ಮನಿಗೆ ಅನುಮಾನ ಹುಟ್ಟುಗುಣ. ಹಾಲು ಬಂದರೆ ಎಷ್ಟು ನೀರು ಬೆರೆಸಿದ್ದಾರೋ ಅನ್ನುವಳು. ಮೀನಿನವನು ತಾನಾಗಿ ಕಿವಿರು ಎತ್ತಿ ತೋರಿಸಿದರೆ, ಕೇಳದೆ ತೋರಿಸಬೇಕಾದರೆ ಒಳಗೆ ಏನೋ ಇದೆ ಅನ್ನುವಳು. ಗ್ಯಾರೇಜಿನಲ್ಲಿ ಜೀಪು ರಿಪೇರಿ ಮಾಡುವ ಮಗ ಉಬೈದ್, "ಉಮ್ಮಾ, ಅನುಮಾನಕ್ಕೆ ಮದ್ದಿಲ್ಲ" ಎಂದು ನಗುತ್ತಿದ್ದ. ಮದ್ದು ಇದ್ದ ಕಾಯಿಲೆಯೂ ಅವಳಿಗೊಂದಿತ್ತು, ಸಕ್ಕರೆ ಕಾಯಿಲೆ. ಎಡಗಾಲಿನ ಹೆಬ್ಬೆರಳಿನ ಗಾಯ ಐದು ತಿಂಗಳಾದರೂ ಮಾಗಿರಲಿಲ್ಲ.

ಎರಡು ಸಾವಿರದ ಮೂರನೇ ಇಸವಿಯಲ್ಲಿ ಚಿಕ್ಕಮಗಳೂರಿನ ಒಂದು ಸಂಸ್ಥೆಯವರು ಬೀದಿಗೆ ಬಂದರು. ಇಲ್ಲಿಯ ಮುಸ್ಲಿಂ ಹೆಂಗಸರಲ್ಲಿ ಸಕ್ಕರೆ, ಬಿಪಿ ಜಾಸ್ತಿಯಂತೆ. ಹಾಗಾಗಿ ಅವರಿಗೆಂದೇ ಬೆಳಗಿನ ನಡಿಗೆ, ಅಡುಗೆಯಲ್ಲಿ ಎಣ್ಣೆ ಕಡಿಮೆ ಮಾಡುವ ಪಾಠ, ತಿಂಗಳಿಗೊಮ್ಮೆ ಬೆರಳು ಚುಚ್ಚಿ ಪರೀಕ್ಷೆ. ಎಲ್ಲವೂ ಪುಕ್ಕಟೆ. ಬೀದಿಯ ಹೆಂಗಸರನ್ನು ಕರೆದುಕೊಂಡು ಹೋಗಲು, ಪರೀಕ್ಷೆ ಮಾಡಿ ಅಂಕಿ ಬರೆದಿಡಲು ಅವರು ಆರಿಸಿದ್ದು ಎಸ್ಸೆಸ್ಸೆಲ್ಸಿ ಪಾಸಾಗಿದ್ದ ಜೋಯಾಳನ್ನು, ಅಂದರೆ ಮರಿಯಮ್ಮನ ಸೊಸೆಯನ್ನು.

"ಇಷ್ಟು ದೊಡ್ಡ ಊರಲ್ಲಿ ನಮ್ಮ ಮೇಲೆ ಮಾತ್ರ ಎಂಥಕ್ಕೆ ಪ್ರೀತಿ ಉಕ್ತದೆ ಇವ್ರಿಗೆ?" ಎಂದಳು ಮರಿಯಮ್ಮ. ಸೊಸೆ ಮರುದಿನ ಆರು ಗಂಟೆಗೆ ಬುರ್ಖಾ ತೊಟ್ಟು ಹೊರಟೇಬಿಟ್ಟಳು.

ಮದುವೆಯಾಗಿ ಎರಡು ವರ್ಷವಾಗದ ಹುಡುಗಿ ಬೆಳಕು ಹರಿಯುವಾಗ ರಸ್ತೆಗಿಳಿಯುವುದೆಂದರೇನು? ಎಲ್ಲಿಗೆ ಹೋಗುತ್ತಾಳೆ, ಯಾರ ಜೊತೆ ಮಾತಾಡುತ್ತಾಳೆ? ನೋಡಲೇಬೇಕೆಂದು ಮರಿಯಮ್ಮ ಕುಂಟುತ್ತಾ ಹಿಂದೆ ಹೋದಳು. ಮೊದಲ ವಾರ ನಡಿಗೆ ಮೋರಿಯವರೆಗೆ ಇತ್ತು. ಆಮೇಲೆ ಪರಮೇಶ್ವರಪ್ಪನವರ ಎಸ್ಟೇಟಿನ ಗೇಟಿನವರೆಗೆ ಬೆಳೆಯಿತು. ಮಳೆಗಾಲ ಮುಗಿಯುವಷ್ಟರಲ್ಲಿ ಎಸ್ಟೇಟಿನ ಒಳಗೆ, ಕಾಫಿ ಒಣಗಿಸುವ ಕಣದವರೆಗೂ ಹೋಯಿತು. ದಿನದಿನಕ್ಕೆ ಇವಳು ದೂರ ಹೋಗುತ್ತಿದ್ದಾಳಲ್ಲ ಎಂದು ಅತ್ತೆಯ ಅನುಮಾನವೂ ಬೆಳೆಯಿತು. ತಿಂಗಳ ಪರೀಕ್ಷೆಯ ದಿನವಂತೂ ಸೊಸೆಯ ಹೆಗಲ ಮೇಲಿಂದ ಬಗ್ಗಿ, ಮಿಷನ್ನಿನಲ್ಲಿ ಬಂದ ಅಂಕಿಯನ್ನೇ ಪುಸ್ತಕದಲ್ಲಿ ಬರೆಯುತ್ತಾಳೋ ಇಲ್ಲವೋ ನೋಡುತ್ತಿದ್ದಳು.

ಇಷ್ಟರ ನಡುವೆ ಹೆಬ್ಬೆರಳಿನ ಗಾಯ ಮಾಗಿತು. ರಾತ್ರಿ ಕಾಲುರಿ ಹೋಯಿತು. ಕಣದ ಕಟ್ಟೆಯ ಮೇಲೆ ಇಪ್ಪತ್ತೆರಡು ಹೆಂಗಸರು ಕೂತು, ಗಂಡಂದಿರ ಗೊರಕೆಯಿಂದ ಹಿಡಿದು ಬಿರಿಯಾನಿಯ ತುಪ್ಪದವರೆಗೆ ಹರಟುವ ಆ ಕಾಲು ಗಂಟೆಗಾಗಿ ಅವಳ ಜೀವ ಕಾಯುತ್ತಿತ್ತು. ಐವತ್ತೆರಡು ವರ್ಷದಲ್ಲಿ ಅವಳು ಕೆಲಸವಿಲ್ಲದೆ ರಸ್ತೆಯಲ್ಲಿ ನಡೆದದ್ದು ಇದೇ ಮೊದಲು. ಇದನ್ನು ಯಾರ ಮುಂದೆಯೂ ಒಪ್ಪಿಕೊಳ್ಳಲಿಲ್ಲ ಅಷ್ಟೆ.

ಮರುವರ್ಷ ರಂಜಾನಿನ ಎರಡನೇ ವಾರ ರಕ್ಷಾ ಮೇಡಂ ಬಂದರು. ಕಾರ್ಯಕ್ರಮದಿಂದ ಪ್ರಯೋಜನವಾಗಿದೆಯೋ ಇಲ್ಲವೋ ಅಳೆಯಲು ಸಂಸ್ಥೆ ಕಳಿಸಿದ್ದ ಹುಡುಗಿ. ಪ್ರಯೋಜನ ಕಂಡರೆ ಮುಂದುವರಿಯುತ್ತದೆ, ಇಲ್ಲದಿದ್ದರೆ ಈ ತಿಂಗಳಿಗೇ ನಿಲ್ಲುತ್ತದೆ ಎಂದು ನೇರವಾಗಿ ಹೇಳಿದರು. ನಿಂತರೆ ಬೀದಿಯ ಗಂಡಸರು ಹೆಂಗಸರನ್ನು ಮತ್ತೆ ಹೊರಗೆ ಬಿಡುವುದಿಲ್ಲ ಎಂದು ಮರಿಯಮ್ಮನಿಗೆ ಗೊತ್ತಿತ್ತು. ಮಿಷನ್ನು, ಪುಸ್ತಕ ಇದ್ದದ್ದರಿಂದಲೇ ಅವರು ಸುಮ್ಮನಿದ್ದರು.

"ಮೇಡಂ, ಹಬ್ಬ ಕಳೆದ ಮೇಲೆ ಪರೀಕ್ಷೆ ಮಾಡಬಹುದಾ? ಈಗ ಉಪವಾಸ..." ಎಂದಳು ಜೋಯಾ.

"ಉಪವಾಸ ಇದ್ರೆ ಇನ್ನೂ ಒಳ್ಳೇದೇ ಅಲ್ವಾ? ನಮಗೆ ಬೇಕಾದ್ದೂ ಖಾಲಿ ಹೊಟ್ಟೆನೇ" ಎಂದು ಮೇಡಂ ಮಾತು ಮುಗಿಸಿದರು. ಜೋಯಾ ಮತ್ತೇನೋ ಹೇಳಹೋಗಿ ನಿಲ್ಲಿಸಿದಳು. ಬಾಗಿಲ ಹಿಂದಿದ್ದ ಮರಿಯಮ್ಮ ಅದನ್ನು ಗಮನಿಸಿದಳು. ಇವಳು ಯಾಕೆ ಮುಂದೂಡಲು ನೋಡುತ್ತಿದ್ದಾಳೆ?

ಮರುದಿನ ಬೆಳಿಗ್ಗೆ ಎಂಟು ಗಂಟೆಗೆ ಅವರ ಜಗಲಿಯಲ್ಲೇ ಪರೀಕ್ಷೆ ಶುರುವಾಯಿತು. ಒಂದು ಹನಿ ರಕ್ತಕ್ಕೆ ಉಪವಾಸ ಮುರಿಯುವುದಿಲ್ಲ ಎಂದು ಮಸೀದಿಯ ಉಸ್ತಾದರನ್ನು ಕೇಳಿಯಾಗಿತ್ತು. ಮನೆಯಲ್ಲಿ ಎಷ್ಟು ಜನ, ತಿಂಗಳಿಗೆ ಎಣ್ಣೆ ಎಷ್ಟು ಎಂದು ಮೇಡಂ ಕೇಳಿದರೆ, "ಬರೆದು ಯಾರಿಗೆ ಕೊಡ್ತೀರಿ?" ಎಂದು ಮರಿಯಮ್ಮ ತಿರುಗಿ ಕೇಳಿದಳು. ಒಬ್ಬೊಬ್ಬರ ಬೆರಳು ಚುಚ್ಚುತ್ತಾ ಹೋದಂತೆ ಮೇಡಂ ಮುಖ ಗಂಟಿಕ್ಕಿತು. ಹನ್ನೊಂದು ಗಂಟೆಗೆ ಹೆಂಗಸರೆಲ್ಲ ಮನೆಗೆ ಹೋದ ಮೇಲೆ ಅವರು ಜೋಯಾಳ ಪುಸ್ತಕ ತೆಗೆದರು.

"ನಿಮ್ಮ ಅತ್ತೆಗೆ ಹೋದ ವರ್ಷ ನೂರ ಐವತ್ತಿತ್ತು. ನೀವು ಹೋದ ತಿಂಗಳು ಬರೆದಿರೋದು ನೂರ ಹದಿನೆಂಟು. ಇವತ್ತು ಬಂದಿರೋದು ನೂರ ತೊಂಬತ್ತಾರು. ಎಲ್ಲರದ್ದೂ ಹೀಗೇ ಇದೆ. ಜೋಯಾ, ನಿಜ ಹೇಳಿ. ಮನೇಲಿ ಕೂತು ಬರೆದಿದ್ದಾ ಇದು?"

ಜೋಯಾ ಬಿಳಿಚಿಕೊಂಡಳು. "ಮೇಡಂ, ನಾನು ನಿನ್ನೆನೇ ಹೇಳಕ್ಕೆ..."

"ನಿನ್ನೆ ನೀವು ಮುಂದಕ್ಕೆ ಹಾಕಿ ಅಂದಿದ್ದು ಯಾಕೆ ಅಂತ ಈಗ ಅರ್ಥ ಆಯ್ತು."

ಜೋಯಾ ಕಣ್ಣಲ್ಲಿ ನೀರು ತುಂಬಿಕೊಂಡು ನೆಲ ನೋಡುತ್ತಾ ನಿಂತಳು. ಮರಿಯಮ್ಮನೂ ಸೊಸೆಯನ್ನು ಕಳ್ಳಿಯನ್ನು ನೋಡುವಂತೆ ನೋಡಿದಳು, ಒಂದು ಗಳಿಗೆ. ಆಮೇಲೆ ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು. ತಿಂಗಳು ತಿಂಗಳೂ ಹೆಗಲ ಮೇಲೆ ಬಗ್ಗಿ ಅಂಕಿ ನೋಡಿದ್ದು ಯಾರು?

"ಮೇಡಂ, ಇವಳು ಬರೆಯುವಾಗೆಲ್ಲ ನಾನು ಪಕ್ಕದಲ್ಲೇ ಇದ್ದೆ. ನಂಬಿಕೆ ಇಲ್ಲದೇ ನಿಂತಿದ್ದೆ. ಒಂದು ಅಂಕಿ ಸುಳ್ಳಿಲ್ಲ."

"ಅತ್ತೆ ಸೊಸೇನ ಬಿಟ್ಟುಕೊಡ್ತಾರಾ?" ಎಂದು ಮೇಡಂ ಸಣ್ಣಗೆ ನಕ್ಕರು. ಅತ್ತೆ ಸೊಸೆಯನ್ನು ಬಿಟ್ಟುಕೊಡುವುದಿಲ್ಲವಂತೆ. ಈ ಹುಡುಗಿಗೆ ಲೋಕವೇ ಗೊತ್ತಿಲ್ಲ ಅಂದುಕೊಂಡಳು ಮರಿಯಮ್ಮ. ಆದರೂ ಮನೆಗೆ ಬಂದವರು, ಮುಖ ಬಾಡಿತ್ತು.

"ಇರ್ಲಿ, ಒಂದು ಲೋಟ ಚಾ ಮಾಡ್ತೀನಿ ನಿಮಗೆ."

"ಬೇಡ ಅಮ್ಮ. ನೀವೆಲ್ಲ ನಿನ್ನೆ ರಾತ್ರಿಯಿಂದ ಒಂದು ಹನಿ ನೀರು ಕುಡಿದಿಲ್ಲ. ನಿಮ್ಮೆದುರು ನಾನು ಹೇಗೆ ಕುಡೀಲಿ?"

ಮರಿಯಮ್ಮ ಹುಬ್ಬು ಗಂಟಿಕ್ಕಿದಳು. "ನಿನ್ನೆ ರಾತ್ರಿಯಿಂದ ಅಂತ ಯಾರು ಹೇಳಿದ್ದು? ಬೆಳಗಿನ ಬಾಂಗಿಗೆ ಮೊದಲು ಸಹರಿ ಊಟ ಮಾಡಲ್ವಾ ನಾವು? ಇವತ್ತು ಐದು ಗಂಟೆಗೆ ನಾಲ್ಕು ಅಕ್ಕಿ ರೊಟ್ಟಿ, ಮೀನು ಸಾರು, ಎರಡು ಬಾಳೆಹಣ್ಣು ತಿಂದಿದ್ದೀನಿ. ಸಂಜೆವರೆಗೆ ತಡೀಬೇಕಲ್ಲ, ಮಾರಾಯ್ತಿ."

ಮೇಡಂ ಪೆನ್ನು ಕೆಳಗಿಟ್ಟರು. "ಐದು ಗಂಟೆಗಾ? ಎಲ್ಲರೂನಾ?"

"ಮಾಮೂಲಿ ತಿಂಗಳಲ್ಲಿ ಏನೂ ತಿನ್ನದೇ ಆರಕ್ಕೇ ಚುಚ್ತೀವಿ. ಅದನ್ನೇ ಹೇಳಕ್ಕೆ ಬಂದಿದ್ದು" ಎಂದಳು ಜೋಯಾ, ನೆಲದಿಂದ ಕಣ್ಣೆತ್ತದೆ.

ರಕ್ಷಾ ಮೇಡಂ, ಸಂಜೆ ಬಾಂಗಿಗೆ ಮೊದಲು ಎಲ್ಲರನ್ನೂ ಮತ್ತೆ ಕರೆಯಲು ಜೋಯಾಳಿಗೆ ಹೇಳಿದರು. ಅವರ ಕಿವಿ ಕೆಂಪಗಾಗಿತ್ತು. ಮಧ್ಯಾಹ್ನದ ಬಸ್ಸಿಗೆ ಹೋಗಲಿಲ್ಲ, ಊಟಕ್ಕೂ ಏಳಲಿಲ್ಲ. ಸಂಜೆ ಐದೂವರೆಗೆ ಇಪ್ಪತ್ತೆರಡು ಹೆಂಗಸರೂ ಮತ್ತೆ ಜಗಲಿಗೆ ಬಂದರು. ಈಗ ಹೊಟ್ಟೆಗಳು ಬೆಳಗಿನ ಐದರಿಂದ, ಅಂದರೆ ಹನ್ನೆರಡು ತಾಸಿನಿಂದ ನಿಜವಾಗಿ ಖಾಲಿ. ಒಂದು ಕೈಯಲ್ಲಿ ಖರ್ಜೂರ ಹಿಡಿದು, ಇನ್ನೊಂದು ಕೈ ಚಾಚಿ ಸಾಲಾಗಿ ಕೂತರು. ನೂರ ಎರಡು, ನೂರ ಇಪ್ಪತ್ತು, ತೊಂಬತ್ತೆಂಟು ಎಂದು ಅಂಕಿಗಳು ಬಂದವು. ಮರಿಯಮ್ಮನದು ನೂರ ಹನ್ನೆರಡು. ಮೇಡಂ ಬೆಳಗಿನ ಹಾಳೆಯನ್ನು ನಾಲ್ಕು ತುಂಡು ಮಾಡಿದರು.

"ಜೋಯಾ, ನಂದು ತಪ್ಪಾಯ್ತು" ಎಂದರು.

ಮಸೀದಿಯಲ್ಲಿ ಸಂಜೆಯ ಬಾಂಗ್ ಆಯಿತು. ಮರಿಯಮ್ಮ ಮೊದಲ ಖರ್ಜೂರವನ್ನು ಬೆಳಿಗ್ಗೆಯಿಂದ ಹಸಿದಿದ್ದ ಮೇಡಂ ಕೈಗೆ ಕೊಟ್ಟಳು. ಮೇಡಂ ತಿಂದು, ಫಾರಂನ ಕೊನೆಯ ಪ್ರಶ್ನೆ ಓದಿದರು: "ಈ ನಡಿಗೆಗೆ ನೀವು ಸೇರಿದ್ದು ಯಾಕೆ ಅಮ್ಮ?"

ಸುಳ್ಳು ಹೇಳಲು ಮರಿಯಮ್ಮನಿಗೆ ಮನಸ್ಸಾಗಲಿಲ್ಲ. ಸುಳ್ಳಿನ ಮಾತು ಇವತ್ತು ಬಹಳ ಆಗಿತ್ತು, ಅದೂ ನಿಜ ಬರೆದ ಸೊಸೆಯ ತಲೆಗೆ ಕಟ್ಟಿದ್ದು.

"ಇವಳ ಮೇಲೆ ಕಣ್ಣಿಡಕ್ಕೆ. ಎಲ್ಲಿಗೆ ಹೋಗ್ತಾಳೆ ನೋಡುವಾ ಅಂತ" ಎಂದಳು. ಹೇಳಿ ಸೊಸೆಯ ಮುಖ ನೋಡಲಾರದೆ ತನ್ನ ಹೆಬ್ಬೆರಳನ್ನು ನೋಡುತ್ತಾ ಕೂತಳು.

ಜೋಯಾ ಅವಳ ಮುಂದೆ ಗಂಜಿಯ ಬಟ್ಟಲು ಇಟ್ಟಳು.

"ಗೊತ್ತಿತ್ತು ಮಾಮಿ. ಅದಕ್ಕೇ ದಿನಾ ಸ್ವಲ್ಪ ಸ್ವಲ್ಪ ದೂರ ಜಾಸ್ತಿ ಹೋಗ್ತಿದ್ದೆ."