ಈಶಮ್ಮನ ಮೊಣಕೈ

ಎಣ್ಣೆ ಹಿಡಿದು ಬಂದವರನ್ನೆಲ್ಲ ಉಮಾಬಾಯಿ ಹೊಸ್ತಿಲಲ್ಲೇ ತಡೆಯುತ್ತಿದ್ದಳು. ಮಗಳು ಈಶಮ್ಮನ ಕೈಯ ಪಟ್ಟಿ ಬಿಚ್ಚಿಸಿಕೊಂಡು ಹೈದರಾಬಾದಿನಿಂದ ತಾಂಡೂರಿಗೆ ಮರಳಿದ್ದೇ ತಡ, ಓಣಿಯ ಹೆಂಗಸರು ಒಬ್ಬರ ಹಿಂದೊಬ್ಬರು ಬರತೊಡಗಿದ್ದರು. ಅವು ದೊಡ್ಡ ಲಡಾಯಿಯ, ಎರಡನೆಯ ಮಹಾಯುದ್ಧದ ವರ್ಷಗಳು. ಪೇಟೆಯಲ್ಲಿ ಎಣ್ಣೆ ಸುಲಭಕ್ಕೆ ಸಿಗುತ್ತಿರಲಿಲ್ಲ. ಅಂಥದರಲ್ಲಿ ಒಗ್ಗರಣೆಗೆಂದು ಇಟ್ಟುಕೊಂಡದ್ದನ್ನೇ ಬಟ್ಟಲಿಗೆ ಬಗ್ಗಿಸಿ, ಸೆರಗಿನ ಮರೆಯಲ್ಲಿ ತಂದುಕೊಡುವುದೆಂದರೆ ಸಣ್ಣ ಮಾತಲ್ಲ. ಉಮಾಬಾಯಿಗೆ ಅದು ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ಅವಳ ಸಿಟ್ಟು ಇನ್ನಷ್ಟು ಏರುತ್ತಿತ್ತು. ಕೆಟ್ಟವರಾಗಿದ್ದರೆ ಬೈದು ಕಳಿಸಬಹುದಿತ್ತು.

“ಬ್ಯಾಡ್ರಿ ಎಲ್ಲಮ್ಮಕ್ಕ. ಡಾಕ್ಟರ್ ಎಣ್ಣಿ ತಿಕ್ಕಬ್ಯಾಡ ಅಂದಾರ.”

“ಎಣ್ಣಿ ಏನ್ ವಿಷ ಅದೇನು?” ಎಂದಳು ಪಕ್ಕದ ಮನೆಯ ಎಲ್ಲಮ್ಮ. “ಹುಟ್ಟಿದ ಕೂಸಿಗೆ ತಿಕ್ಕತೀವಿ, ಬಾಣಂತಿಗೆ ತಿಕ್ಕತೀವಿ. ನಿನ್ನ ಮಗಳೇನು ಗಾಜಿನ ಬಳಿಯೇನು?”

“ಹೌದು, ಗಾಜಿನ ಬಳಿಯೇ. ಹೋಗ್ರಿ.”

ಈಶಮ್ಮನಿಗೆ ಏಳು ವರ್ಷ. ಅಪ್ಪ ಶಾಂತಪ್ಪನ ಬೇಳೆ ಅಂಗಡಿಯ ಹಿಂದೆ ಪೇರಿಸಿಟ್ಟಿದ್ದ ಫರ್ಸಿ ಹಾಸುಗಲ್ಲುಗಳ ಮೇಲೆ ಕುಣಿಯುತ್ತಿದ್ದವಳು ಜಾರಿ, ಬಲಗೈ ಊರಿ ಬಿದ್ದಿದ್ದಳು. ಮೊಣಕೈಯ ಹೊರಮಗ್ಗುಲಿನ ಎಲುಬು ತುಂಡಾಗಿ ತಿರುಗಿ ನಿಂತಿತ್ತು. ಹೊರಗಿನಿಂದ ಎಷ್ಟು ಒತ್ತಿದರೂ ಅದು ಜಾಗಕ್ಕೆ ಬರುವಂಥದ್ದಲ್ಲವೆಂದು ಹೈದರಾಬಾದಿನ ದೊಡ್ಡ ದವಾಖಾನೆಯ ಡಾಕ್ಟರು ಎಕ್ಸ್‌ರೇ ತೆಗೆಸಿ ಹೇಳಿದರು. ಕ್ಲೋರೋಫಾರ್ಮ್ ಕೊಟ್ಟು ಕೈ ಕೊಯ್ದು, ತುಂಡನ್ನು ಕೂಡಿಸಿ, ಉಕ್ಕಿನ ಸಣ್ಣ ತಂತಿ ಚುಚ್ಚಿ ನಿಲ್ಲಿಸಿದರು. ವಾರ್ಡಿನಲ್ಲಿ ತಾಯಂದಿರು ಉಳಿಯುವಂತಿರಲಿಲ್ಲ. ಆದರೂ ಅಲ್ಲಿಯ ನರ್ಸು ಒಂದು ಸ್ಟೂಲನ್ನು ಕಾಲಿನಿಂದ ಉಮಾಬಾಯಿಯ ಕಡೆ ತಳ್ಳಿ, ತಾನು ಬೇರೆ ಕಡೆ ನೋಡುತ್ತ ಹೋಗಿದ್ದಳು.

ಎಲುಬು ಕೂಡಿದ ಮೇಲೆ ತಂತಿ ತೆಗೆದು, ಪಟ್ಟಿ ಬಿಚ್ಚಿ, ಡಾಕ್ಟರು ಗಂಡಹೆಂಡಿರಿಬ್ಬರನ್ನೂ ಎದುರಿಗೆ ನಿಲ್ಲಿಸಿಕೊಂಡರು.

“ಮಾಲಿಶ್ ನಕ್ಕೋ. ಖೀಂಚನಾ ನಕ್ಕೋ. ವಜನ್ ಲಟಕಾನಾ ನಕ್ಕೋ.”

ತಿಕ್ಕಬೇಡಿ, ಎಳೆಯಬೇಡಿ, ಭಾರ ಕಟ್ಟಿ ಇಳಿಬಿಡಬೇಡಿ. ಹಾಗೆ ಮಾಡಿದರೆ ಮಾಂಸದೊಳಗೇ ಎಲುಬು ಬೆಳೆದು ಮೊಣಕೈ ಕೊರಡಾಗುತ್ತದೆ. ಆಮೇಲೆ ತಾವೂ ಏನೂ ಮಾಡಲಾರೆವು ಎಂದರು. ಮಗು ಆಡಲಿ, ತನ್ನ ಕೈಯಿಂದ ತಾನೇ ಉಣ್ಣಲಿ, ಕೈಯ ಬಿಗಿ ತಾನಾಗಿ ಬಿಡುತ್ತದೆ, ತಿಂಗಳುಗಳೇ ಹಿಡಿಯಬಹುದು ಎಂದರು. ಶಾಂತಪ್ಪ ತಲೆಯಾಡಿಸಿದ.

ಮನೆಗೆ ಬಂದಾಗ ಅವನ ತಾಯಿ ಪಾರ್ವತಿಬಾಯಿ ಡಾಕ್ಟರು ಏನು ಔಷಧ ಕೊಟ್ಟರೆಂದು ಕೇಳಿದಳು.

“ಏನೂ ಮಾಡಬ್ಯಾಡ ಅಂದಾರವ್ವ,” ಎಂದ ಶಾಂತಪ್ಪ. ಅವನು ಅದನ್ನು ಹೇಳಿದ ದನಿಗೆ, ಡಾಕ್ಟರು ಕೈಚೆಲ್ಲಿ ಕಳಿಸಿದರೆಂದೇ ಮುದುಕಿ ತಿಳಿದಳು. ಸೆರಗಿಗೆ ಕಣ್ಣೊತ್ತಿಕೊಂಡಳು.

ಅಂದಿನಿಂದ ಉಮಾಬಾಯಿಗೆ ಮನೆಯೊಳಗೂ ಕಾವಲು ಕಾಯುವುದಾಯಿತು. ಈಶಮ್ಮನ ಬಲಗೈ ಎದೆಯವರೆಗೆ ಬಂದು ನಿಂತುಬಿಡುತ್ತಿತ್ತು. ಅಲ್ಲಿಂದ ಮುಂದಕ್ಕೆ ಅವಳು ಕರುವಿನ ಹಾಗೆ ಕತ್ತು ಬಗ್ಗಿಸಿ ತುತ್ತಿಗೆ ಬಾಯಿ ಒಡ್ಡುತ್ತಿದ್ದಳು. ಅರ್ಧ ಅನ್ನ ಮಡಿಲಿಗೆ ಬೀಳುತ್ತಿತ್ತು. ಪಾರ್ವತಿಬಾಯಿ ಎರಡು ತುತ್ತು ನೋಡುತ್ತಿದ್ದಳು, ಮೂರನೆಯದಕ್ಕೆ ತಾನೇ ಕಲಸಿ ಬಾಯಿಗಿಡುತ್ತಿದ್ದಳು.

“ಅತ್ತಿ, ತುತ್ತು ಕೊಡಬ್ಯಾಡ್ರಿ. ತಾನೇ ಉಣ್ಣಲಿ.”

“ಹಸದ ಕೂಸಿನ ಮುಂದ ಕಲ್ಲಾಗಿ ಕೂಡಾಕ ನಿನಗ ಬರತದ ಉಮಾ. ನನಗ ಬರಂಗಿಲ್ಲ.”

ಆ ಮಾತು ಉಮಾಬಾಯಿಗೆ ಮುಳ್ಳಿನಂತೆ ನಾಟಿತು.

ಒಂದು ಬೆಳಿಗ್ಗೆ ಅವಳು ಕಾಗಿಣಾ ಹೊಳೆಯಲ್ಲಿ ಬಟ್ಟೆ ಒಗೆದು ಬರುವಾಗ, ಓಣಿಯ ತಿರುವಿನಲ್ಲೇ ಮಗಳ ಚೀರಾಟ ಕೇಳಿಸಿತು. ಓಡಿದಳು. ಪಡಸಾಲೆಯಲ್ಲಿ ಗರಡಿಯ ಸಾಯಪ್ಪ ಪೈಲ್ವಾನ ಈಶಮ್ಮನ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಎಣ್ಣೆ ಸುರಿದು ಎಳೆಯುತ್ತಿದ್ದ. ಪಾರ್ವತಿಬಾಯಿ ಮೊಮ್ಮಗಳ ಭುಜ ಹಿಡಿದುಕೊಂಡು ತಾನೂ ಅಳುತ್ತಿದ್ದಳು.

ಹಸಿ ಬಟ್ಟೆಯ ಗಂಟು ನೆಲಕ್ಕೆ ಬಿತ್ತು.

“ಬಿಡ್ರಿ! ಮೊದಲು ಕೈ ಬಿಡ್ರಿ!”

“ತಂಗಿ, ಇನ್ನೊಂದ್ ಎಳತ,” ಎಂದ ಸಾಯಪ್ಪ. “ಬಾಗಲದ ಕೀಲು ಜಂಗು ಹಿಡದಂಗ ಹಿಡದದ. ಎಳೇದರಾಗೇ ಬಿಡಸಬೇಕು.”

“ಅದು ಬಾಗಲಾ ಅಲ್ಲ, ನನ್ನ ಮಗಳ ಕೈ.”

“ನಿಮ್ಮ ಮಾವನ ಸೊಂಟ ನಾನೇ ನೆಟ್ಟಗ ಮಾಡೀನವಾ.”

“ಮಾವನ ಸೊಂಟ ಯಾರರ ಕೊಯ್ದಿದ್ರೇನು? ಏಳ್ರಿ ಮ್ಯಾಲ!”

ಸಾಯಪ್ಪ ಎದ್ದ. ಕೆಟ್ಟ ಮನುಷ್ಯನಲ್ಲ. ಇಂಥ ಕೆಲಸಕ್ಕೆ ಯಾರಿಂದಲೂ ಒಂದು ಕಾಸು ಮುಟ್ಟಿದವನಲ್ಲ. ಹೋಗುವ ಮುಂಚೆ ರುಮಾಲಿನ ಸ್ವಚ್ಛ ತುದಿಯನ್ನು ಹುಡುಕಿ ಮಗುವಿನ ಕಣ್ಣೊರೆಸಿದ. ಉಮಾಬಾಯಿ ಅದನ್ನೂ ನೋಡಿದಳು. ಅವನ ಬೆನ್ನಿಗೆ ಬಾಗಿಲು ಹಾಕಿದಳು.

“ಇಷ್ಟ್ಯಾಕ ಹರಕೊಳ್ತಿ?” ಎಂದಳು ಪಾರ್ವತಿಬಾಯಿ. “ನಾಳೆ ಕೈ ಸೆಟೆದು ನಿಂತರ ಹಣಿಗೆ ಈಬೂತಿ ಯಾರ್ ಹಚ್ಚತಾರ ಅದಕ? ನೀನು ಸಾಯೋತನ ಹಚ್ಚತೀಯೇನು?”

“ಅದು ಸೆಟೀಬಾರದು ಅಂತನೇ ಬಡಕೊಳ್ಳಾಕತ್ತೀನಿ ಅತ್ತಿ!”

ಮಧ್ಯಾಹ್ನ ಊಟಕ್ಕೆ ಬಂದ ಶಾಂತಪ್ಪನನ್ನು ಉಮಾಬಾಯಿ ಕೂರಲು ಬಿಡಲಿಲ್ಲ.

“ಡಾಕ್ಟರ್ ಏನಂದ್ರು? ನಿಮ್ಮವ್ವನ ಮುಂದ ನಿಂತು ಹೇಳ್ರಿ.”

ಶಾಂತಪ್ಪ ತನ್ನ ಪಾದ ನೋಡಿಕೊಂಡ. “ಅವ್ವ ಏನ್ ಕೆಟ್ಟದ್ದು ಬಯಸ್ಯಾಳೇನು…”

“ಕೆಟ್ಟದ್ದು ಬಯಸಿದ್ರ ನನಗ ಜಗಳ ಆಡಾಕ ಸಲೀಸಾಗತಿತ್ತು!”

ಸಂಜೆಗೆ ಮೊಣಕೈ ಊದಿ ಕೆಂಡದ ಹಾಗೆ ಸುಡುತ್ತಿತ್ತು. ಎದೆಯವರೆಗೆ ಬರುತ್ತಿದ್ದ ಕೈ ಹೊಟ್ಟೆಯ ಮೇಲೇ ನಿಂತಿತು. ಉಮಾಬಾಯಿ ಎರಡು ಸೀರೆ, ಮಗಳ ಲಂಗಗಳನ್ನು ಗಂಟು ಕಟ್ಟಿದಳು. ಮಾರನೆಯ ದಿನ ತವರಿಗೆ ಹೊರಟಳು, ಜಹೀರಾಬಾದಿಗೆ.

ಸ್ಟೇಷನ್ನಿಗೆ ಶಾಂತಪ್ಪ ಬಂದ. ಚಂಬಿನಲ್ಲಿ ನೀರು ತುಂಬಿಸಿ ಕಿಟಕಿಯೊಳಗಿಂದ ಕೊಟ್ಟ. “ಅವ್ವಗ ನಾ ಹೇಳ್ತೀನಿ ಉಮಾ,” ಎಂದ.

“ಗಾಡಿ ಹೊಂಟ ಮ್ಯಾಲ ಹೇಳ್ರಿ. ಧೈರ್ಯ ಬರತದ.”

ವಿಕಾರಾಬಾದಿನಲ್ಲಿ ಗಾಡಿ ಬದಲಾಯಿಸಿದಾಗ ಕಾಲಿಡಲು ಜಾಗವಿರಲಿಲ್ಲ. ಝರಾಸಂಗದ ದೇವರಿಗೆ ಹೊರಟಿದ್ದ ಮುದುಕಿಯೊಬ್ಬಳು ಮಗುವಿನ ಕೈ ಕಂಡು, ತಾನು ಎದ್ದು ಕಿಟಕಿಯ ಜಾಗ ಬಿಟ್ಟುಕೊಟ್ಟಳು. ಉಮಾಬಾಯಿಯ ಕಣ್ಣು ತುಂಬಿ ಬಂತು. ಮುಂದಿನ ಸ್ಟೇಷನ್ ಬರುವಷ್ಟರಲ್ಲಿ ಮುದುಕಿ ಬಗ್ಗಿ, “ನಿಮ್ಮೂರಾಗ ಎಣ್ಣಿ ಹಚ್ಚವರು ಯಾರೂ ಇಲ್ಲೇನವ್ವ?” ಎಂದು ಕೇಳಿದಳು. ಉಮಾಬಾಯಿ ಮುಖ ತಿರುಗಿಸಿ ಹೊಲ ನೋಡುತ್ತ ಕುಳಿತಳು.

ಜಹೀರಾಬಾದಿನ ಮನೆಯಲ್ಲಿ ತಾಯಿ ಅಮೃತಬಾಯಿ ಕಾಲಿಗೆ ನೀರು ಕೊಟ್ಟಳು. ಮೊಮ್ಮಗಳ ಕೈಯನ್ನು ಒಂದು ಸಲ ನೋಡಿದಳು. ನೇರ ಒಳಗೆ ಹೋದಳು. ಉಮಾಬಾಯಿ ಗೋಡೆಗೆ ಒರಗಿ ಕಾಲು ಚಾಚಿದಳು. ಇನ್ನು ಕಾವಲು ಕಾಯುವುದು ಬೇಡ ಎಂದು ಉಸಿರು ಬಿಡುವಷ್ಟರಲ್ಲಿ, ಔಡಲೆಣ್ಣೆಯಲ್ಲಿ ಬೆಳ್ಳುಳ್ಳಿ ಕಾಯುವ ವಾಸನೆ ಒಳಗಿನಿಂದ ಬಂತು.

ಅಮೃತಬಾಯಿ ಬಟ್ಟಲನ್ನು ಸೆರಗಿನಲ್ಲಿ ಹಿಡಿದು ಹೊರಬಂದಳು.

“ಅವ್ವಾ! ನೀನೂ ಅದನ್ನೇ ತಂದೇನು?” ಉಮಾಬಾಯಿ ಹುಟ್ಟಿದಂದಿನಿಂದ ತಾಯಿಯ ಮುಂದೆ ಅಷ್ಟು ಜೋರಾಗಿ ಕೂಗಿದವಳಲ್ಲ. “ಓಣಿಯವರಿಗೆ ಬೈದೆ. ಸಾಯಪ್ಪಗ ಬೈದೆ. ಅತ್ತಿಗೆ, ಗಂಡಗ ಬೈದೆ. ಈಗ ನಿನಗೂ ಬೈಲೇನು? ತಿಕ್ಕಿದ್ರ ಕೈ ಹೋಗತದ ಅಂದಾರ. ಎಷ್ಟು ಮಂದಿಗೆ ಹೇಳಲಿ?”

ಅಮೃತಬಾಯಿ ಬಟ್ಟಲನ್ನು ನೆಲಕ್ಕಿಟ್ಟಳು.

“ಬೈ. ನಾ ಕೇಳತೀನಿ. ತಿಕ್ಕಬ್ಯಾಡ ಅಂದ್ರ ತಿಕ್ಕಂಗಿಲ್ಲ. ಆದ್ರ ಉಮಾ, ಕೂಸು ಕಣ್ಣೆದುರಿಗೇ ಅದ. ಈ ನನ್ನ ಕೈ ತಗೊಂಡು ಏನ್ ಮಾಡ್ಲಿ ನಾನು? ಸುಮ್ಮ ಕೂಡಂಗಿಲ್ಲಲ್ಲ ಇವು.”

ಮಾತಾಡುತ್ತಲೇ ಅವಳು ಎರಡೂ ಕೈಗಳನ್ನು ಬಟ್ಟಲಿನ ಎಣ್ಣೆಯಲ್ಲಿ ಅದ್ದಿ ಆಗಿತ್ತು. ಅವು ಮಡಿಲಿನಲ್ಲಿ ಮೇಲ್ಮುಖವಾಗಿ ಕಾಯುತ್ತಿದ್ದವು. ಉಮಾಬಾಯಿ ಅವನ್ನೇ ನೋಡಿದಳು. ಆಮೇಲೆ ಸರಿದು ಹೋಗಿ ತಾಯಿಯ ಮೊಣಕಾಲುಗಳ ನಡುವೆ ಬೆನ್ನು ಮಾಡಿ ಕುಳಿತು, ತುರುಬು ಬಿಚ್ಚಿದಳು.

“ನನ್ನ ತಲಿಗೆ ಹಾಕು.”

“ಬೆಳ್ಳುಳ್ಳಿ ನಾರತದಲ್ಲ.”

“ನಾರಲಿ.”

ಅಮೃತಬಾಯಿ ತಟ್ಟಿದಳು, ತಿಕ್ಕಿದಳು. “ಎಷ್ಟು ಬಿಸಿ ಅದ ನಿನ್ನ ತಲಿ! ಒಂದ್ ರೊಟ್ಟಿ ಬೇಯತದ,” ಎಂದಳು. ಉಮಾಬಾಯಿ ನಗಲಿಲ್ಲ. ಅಂಗಳದಲ್ಲಿ ಈಶಮ್ಮ ಬಲಗೈಯಲ್ಲಿ ಪೇರಲಹಣ್ಣು ಹಿಡಿದು ಬಾಯಿಗೆ ಒಯ್ಯಲು ನೋಡುತ್ತಿದ್ದಳು. ಕೈ ಬರಲಿಲ್ಲ, ಹಣ್ಣು ಜಾರಿ ಉರುಳಿತು. ತಲೆಯ ಮೇಲಿನ ಕೈಗಳು ಥಟ್ಟನೆ ಮೇಲೆದ್ದವು. ಉಮಾಬಾಯಿ ಹಿಂದಕ್ಕೆ ಕೈ ಚಾಚಿ ತಾಯಿಯ ಮಣಿಕಟ್ಟು ಹಿಡಿದಳು.

“ತಿಕ್ಕು ಅವ್ವ. ಇನ್ನೂ ನೋಯಾಕತ್ತದ.”

ಹೀಗೆಯೇ ದಿನಗಳು ಕಳೆದವು. ಉಮಾಬಾಯಿಯ ತಲೆ ಎಣ್ಣೆ ಕುಡಿಯಿತು, ಈಶಮ್ಮನ ಕೈಯನ್ನು ಯಾರೂ ಮುಟ್ಟಲಿಲ್ಲ. ಬಾವು ಇಳಿಯಿತು. ಈಶಮ್ಮ ಓಣಿಯ ಹುಡುಗಿಯರ ಜೊತೆ ಕಲ್ಲಾಟ ಆಡಿದಳು, ಸೋತು ಜಗಳವಾಡಿದಳು, ಮಣ್ಣು ತೂರಿದಳು. ಅದಕ್ಕೆ ಉಮಾಬಾಯಿ ಬೈಯಲಿಲ್ಲ.

ಜೋಳದ ಕೊಯ್ಲಿನ ಹೊತ್ತಿಗೆ ಶಾಂತಪ್ಪ ತಾಯಿಯನ್ನು ಕರೆದುಕೊಂಡು ಬಂದ. ಪಾರ್ವತಿಬಾಯಿ ಹೊಸ್ತಿಲು ದಾಟುತ್ತಲೇ ದೂರು ಹೇಳಿದಳು: “ಗಾಡಿ ಹತ್ತಿದಾಗಿಂದ ಒಂದೇ ಮಾತು ನೋಡವ್ವ ಇವಂದು, ಮುಟ್ಟಬ್ಯಾಡ, ಎಳೀಬ್ಯಾಡ, ತುತ್ತು ಕೊಡಬ್ಯಾಡ. ನಾ ಏನ್ ಕಿವುಡಿಯೇನು?”

“ಈಗರ ಬಾಯಿ ಬಂತಲ್ಲ ಅವರಿಗೆ,” ಎಂದಳು ಉಮಾಬಾಯಿ. ಗಂಡನ ಮುಖ ನೋಡಲಿಲ್ಲ. ಆ ಸಿಟ್ಟು ಇನ್ನೂ ಇಳಿದಿರಲಿಲ್ಲ. ಇಳಿಸಿಕೊಳ್ಳುವ ಅವಸರವೂ ಅವಳಿಗಿರಲಿಲ್ಲ.

ಈಶಮ್ಮ ಉಣ್ಣುತ್ತಿದ್ದಳು. ಬಲಗೈ ಎದೆ ದಾಟಿ ಗದ್ದದ ಹತ್ತಿರ ಬಂದು ತಡೆಯಿತು. ಕತ್ತು ಒಂದಿಷ್ಟೇ ಬಾಗಿತು. ಅನ್ನದ ಅಗುಳೊಂದು ಮಡಿಲಿಗೆ ಬಿತ್ತು. ಪಾರ್ವತಿಬಾಯಿಯ ಕೈ ತಾನಾಗಿ ತಟ್ಟೆಯ ಕಡೆ ಚಾಚಿಕೊಂಡಿತು.

“ಅತ್ತಿ.”

ಮುದುಕಿ ಸೊಸೆಯನ್ನು ನೋಡಿದಳು. ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡು, ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಸೇರಿಸಿ, ಅವುಗಳ ಮೇಲೆ ಭಾರ ಬಿಟ್ಟು ಕುಳಿತಳು. ಈಶಮ್ಮ ಮುಂದಿನ ತುತ್ತು ಕಲಸಿದಳು.